ಎರಡು ಗೆರೆಗಳು ಕೂಡುವ ವರ್ಷ

ಡುಲೂತ್ ಊರಿನಲ್ಲಿ, ಸರೋವರ ಹೆಪ್ಪುಗಟ್ಟಿದ ಒಂದು ಜನವರಿ,
ಏಳು ನಿಮಿಷದ ಅಂತರದಲ್ಲಿ ಹುಟ್ಟಿದೆವು:
ಮೊದಲು ರೇನೊ, ಆಮೇಲೆ ನಾನು, ಐಲಿ.
ಹದಿನೆಂಟರವರೆಗೆ ಒಂದೇ ಗೆರೆ.
ಅಲ್ಲಿಂದ ಕವಲು.

ಅವನು ಹಡಗುಕಟ್ಟೆಗೆ ಹೋದ.
ಚಳಿಗಾಲಕ್ಕೆ ದಡ ಸೇರಿದ ಅದಿರು ಹಡಗುಗಳ
ಹೊಟ್ಟೆಯೊಳಗಿಳಿದು, ಬೆಂಕಿಯಲ್ಲಿ ಬಿರುಕು ಹೊಲಿಯುವ ಕೆಲಸ.
ನಾನು ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೆ, ಗಣಿತಕ್ಕೆ.
"ಅದನ್ನೋದಿ ಏನಾಗ್ತೀಯೆ?" ಕೇಳಿದಳು ಅಮ್ಮ,
ಆಸ್ಪತ್ರೆಯ ಹಾಸುಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಿಸದೆ.
ಗೊತ್ತಿದ್ದರೆ ಓದುವುದೇಕೆ, ಅಂದೆ.
ಹದಿನೆಂಟರ ಧಿಮಾಕು.

ಪದವಿ ಸಿಕ್ಕ ರಾತ್ರಿ ಕೂತು ಬರೆದೆ.
ಅವನ ಕಡೆ: ನಾಲ್ಕು ವರ್ಷದ ಸಂಬಳ, ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರು,
ಹಳೇ ಟ್ರಕ್ಕು, ಮೀನುದೋಣಿಯಲ್ಲಿ ಅರ್ಧ ಪಾಲು.
ನನ್ನ ಕಡೆ: ನಲವತ್ತೊಂದು ಸಾವಿರ ಸಾಲ,
ಮತ್ತೆ, ಅನಂತಗಳಲ್ಲೂ ಚಿಕ್ಕದು ದೊಡ್ಡದು ಇದೆಯೆಂದು
ಮೈ ಜುಮ್ಮೆಂದ ಒಂದು ಮಂಗಳವಾರದ ಮಧ್ಯಾಹ್ನ.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ?
ಹಾಕಲಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಗಣಿತ ಓದಿದವರ ಸರಾಸರಿ ಸಂಬಳವನ್ನು
ಕಾಲೇಜು ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿತ್ತು.
ಸರಾಸರಿ ಎಂದರೇನೆಂದು ಕಲಿಸಿದ್ದೂ ಅದೇ ಕಾಲೇಜು:
ಶಿಕಾಗೋದ ಬ್ಯಾಂಕು ಸೇರಿದ ಒಬ್ಬ,
ಅವನ ನೆರಳಲ್ಲಿ ನಿಂತ ಹನ್ನೊಂದು ಮಂದಿ ನಾವು.
ನನಗೆ ಸಿಕ್ಕಿದ್ದು ಕೌಂಟಿ ಕಚೇರಿ.
ಬರುವ ಚಳಿಗಾಲದ ರಸ್ತೆಗಳಿಗೆ
ಎಷ್ಟು ಟನ್ ಉಪ್ಪು ಬೇಕೆಂಬ ಅಂದಾಜು.
ಸಂಬಳ ಮೂರಕ್ಕಿಳಿಯದು, ಆರಕ್ಕೇರದು.
ಸಾಲಕ್ಕೆ ಆ ಶಿಸ್ತಿಲ್ಲ. ಐದು ವರ್ಷ ಕಟ್ಟಿದ ಮೇಲೂ
ಅಸಲು ಕಣ್ಣು ಬಿಟ್ಟುಕೊಂಡು ಕೂತೇ ಇತ್ತು.

ವರ್ಷಕ್ಕೆ ಕೈಗೆ ಸಿಗುವ ದುಡ್ಡು: ಅವನದು ಕೆಂಪು ಗೆರೆ, ನನ್ನದು ನೀಲಿ.
ನಮ್ಮ ಮೂವತ್ತೇಳನೇ ವರ್ಷ ಎರಡೂ ಕೂಡುತ್ತವೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.
ಪ್ರತಿ ಕ್ರಿಸ್‌ಮಸ್ಸಿಗೆ ಸೌನಾದ ಬಿಸಿಯಲ್ಲಿ ಬೆವರುತ್ತ ಅವನು,
"ಇನ್ನೆಷ್ಟು ದೂರ, ಪ್ರೊಫೆಸರೇ?"
ನಾನು ಪ್ರೊಫೆಸರಲ್ಲವೆಂದು ಅವನಿಗೂ ಗೊತ್ತು.

ಮೂವತ್ನಾಲ್ಕರ ಫೆಬ್ರವರಿ,
ಹಡಗಿನೊಳಗಿನ ಏಣಿ, ಮೆಟ್ಟಿಲ ಮೇಲೆ ಕಾಣದ ಮಂಜುಗಡ್ಡೆ,
ಹದಿನಾಲ್ಕು ಅಡಿ.
ಎಡಭುಜ, ಸೊಂಟ.
ಬಡ್ಡಿ ಹೀಗೆ, ಬೆಲೆಯೇರಿಕೆ ಹೀಗೆ ಎಂದು
ನನ್ನ ಊಹೆಗಳನ್ನೆಲ್ಲ ಅಂಚಿನಲ್ಲಿ ಬರೆದಿಟ್ಟಿದ್ದೆ.
ಅವನ ಭುಜ ಗಟ್ಟಿಯಿರುತ್ತದೆ ಎಂಬುದೊಂದನ್ನು ಬರೆದಿರಲಿಲ್ಲ.
ನೀಲಿ ತನ್ನ ಪಾಡಿಗೆ ತೆವಳುತ್ತಿತ್ತು,
ಕೆಂಪೇ ಇಳಿದು ಬಂದು ಅದನ್ನು ಮುಟ್ಟಿತು.
ಗೆದ್ದೆ, ಮೂರು ವರ್ಷ ಮೊದಲೇ.
ಕಾಗದ ಕಿತ್ತೆ. ಮ್ಯಾಗ್ನೆಟ್ಟು ಮಾತ್ರ ಅಲ್ಲೇ ಉಳಿಯಿತು,
ಹಿಡಿದುಕೊಳ್ಳಲು ಏನೂ ಇಲ್ಲದೆ.

ಏಪ್ರಿಲಿನಲ್ಲಿ ಕಂಪನಿಯ ಪತ್ರ ಹಿಡಿದು ಕುಂಟುತ್ತ ಬಂದ:
ಈಗಲೇ ತೊಂಬತ್ತಾರು ಸಾವಿರ,
ಇಲ್ಲವೇ ತಿಂಗಳಿಗೆ ಏಳುನೂರರಂತೆ ಇಪ್ಪತ್ತೈದು ವರ್ಷ.
"ಗಂಟೇ ವಾಸಿ ಅಲ್ವ? ಸಹಿ ಹಾಕ್ತೀನಿ."
ಆ ಲಕೋಟೆಯ ಬೆನ್ನ ಮೇಲೆಯೇ ಲೆಕ್ಕ ಮಾಡಿದೆ,
ನೂರಕ್ಕೆ ನಾಲ್ಕರಂತೆ, ಮುಂದಿನ ಮುನ್ನೂರು ತಿಂಗಳುಗಳನ್ನು
ಒಂದೊಂದಾಗಿ ಇವತ್ತಿಗೆ ಎಳೆದು ತಂದು:
ಒಂದು ಲಕ್ಷ ಮೂವತ್ತೆರಡು ಸಾವಿರ, ಚಿಲ್ಲರೆ.
"ಮೂವತ್ತಾರು ಸಾವಿರ ನುಂಗ್ತಿದ್ದಾರೆ ಕಣೋ."
ಅವನು ಆ ಅಂಕಿಗಳನ್ನು ನೋಡಿದ ರೀತಿ
ನಾನು ಅವನ ಬೆಸುಗೆಗಳನ್ನು ನೋಡುತ್ತಿದ್ದ ರೀತಿ.
ಪೆನ್ನು ಜೇಬಿಗೆ ಹೋಯಿತು.

ನನ್ನ ಫೀಜು, ಪತ್ರಿಕೆಯಲ್ಲಿ ಸುತ್ತಿದ ಎರಡು ಹೊಗೆಮೀನು.
ವಾರವಿಡೀ ಕಚೇರಿಯ ಚೀಲ ನಾರಿತು.

ಈ ಸಲ ಸೌನಾದಲ್ಲಿ ಅವನ ಕೈ ಏಳಲಿಲ್ಲ,
ಸೌಟು ನಾನೇ ಹಿಡಿದೆ.
"ನಿನ್ನ ಸಾಲ ಇನ್ನೆಷ್ಟಿದೆ?"
"ಹತ್ತೊಂಬತ್ತು ಸಾವಿರದ ಇನ್ನೂರು."
ಸಿಳ್ಳೆ ಹಾಕಿದ.
"ನೀನೂ ಬಿದ್ದಿದ್ದೀಯ ಹಾಗಾದರೆ,
ನಿಧಾನವಾಗಿ."
ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕಿದೆ.