ಎಷ್ಟು ಚೀಲ?

ಸೋಮವಾರ, ಗುರುವಾರ
ಬ್ಯಾಡಗಿಯಲ್ಲಿ ಸೂರ್ಯನಿಗಿಂತ ಮೊದಲು
ಕೆಂಪು ಬರುವುದು ಲಾರಿಯ ಮೇಲೆ,
ತಾಡಪತ್ರಿ ಹೊದ್ದುಕೊಂಡು.

ಬಣಕಾರರ ದಲಾಲಿ ಅಂಗಡಿಯಲ್ಲಿ ನಾನು ಗುಮಾಸ್ತ.
ಇಪ್ಪತ್ತಾರು ವರ್ಷ
ಮುಖ ಕಂಡವರೆಲ್ಲ ಕೇಳಿದ್ದು ಒಂದೇ:
"ಇವತ್ತ ಎಷ್ಟ ಚೀಲರೀ?"
ಆರಾಮ ಇದ್ದೀರೇನು ಅಂತ ಆಮೇಲೆ,
ಕೇಳಿದರೆ ಕೇಳಿದರು.

ಎಷ್ಟು ಚೀಲ ಅಂದರೆ ಏನು ತಿಳಿಯುತ್ತದೆ?
ಒಂದು ಮಾಘದಲ್ಲಿ ಲಕ್ಷ ಚೀಲ ಬಂತು, ದರ ಕುಸಿಯಿತು.
ಮುಂದಿನ ವಾರ ಮತ್ತೆ ಲಕ್ಷ, ದರ ಜಿಗಿಯಿತು.
ಎರಡೂ ದಿನ ನಾನು ಅದೇ ಆರು ಅಂಕಿ ಬರೆದೆ,
ಅದೇ ಪೆನ್ನಿನಿಂದ.
ಮಾಬುಸಾಬನ ಚಹಾ ಕೂಡ ಎರಡೂ ದಿನ
ಹನ್ನೊಂದಕ್ಕೇ ತೀರಿತ್ತು.

ಸಾಹುಕಾರರ ಮಗಳು ಶಿವಲೀಲಾ ನಕ್ಕಳು.
ಅವಳ ಫೋನಿನಲ್ಲಿ ಷೇರುಪೇಟೆ:
ಮೇಲೆ ದರದ ಗೆರೆ, ಬುಡದಲ್ಲಿ ಸಾಲಾಗಿ ಕಂಬಗಳು,
ಆ ದಿನ ಎಷ್ಟು ಕೈ ಬದಲಾಯಿತೋ ಅಷ್ಟೆತ್ತರ.
"ಕಂಬ ಒಂದ ನೋಡಿದ್ರ ಏನೂ ತಿಳ್ಯೂದಿಲ್ಲ ಕಾಕಾ.
ದರ ಏರಿ ಕಂಬ ಗಿಡ್ಡ ಉಳೀತೋ, ನಂಬಬ್ಯಾಡ್ರಿ.
ನಾಕ ಮಂದಿ ಒದರಿದ್ದು ಊರ ಮಾತಲ್ಲ.
ಕಂಬಾನೂ ಬೆಳೀಲಿ, ಆವಾಗ ಕೈ ಹಾಕ್ರಿ."

ಆ ಗುರುವಾರವೇ ಅವಳ ಮಾತಿಗೆ ಸಾಕ್ಷಿ ಸಿಕ್ಕಿತು:
ಎಂಟುನೂರು ಚೀಲವಷ್ಟೇ ಬಂದು, ದರ ಐದು ಸಾವಿರ ಏರಿ,
ಸೋಮವಾರ ಹತ್ತಿದ ಮೆಟ್ಟಿಲಲ್ಲೇ ಇಳಿಯಿತು.
ನಾನು ಒಪ್ಪಿದೆ. ಪಟ್ಟಿಯ ಅಂಚಿನಲ್ಲಿ
ಪೆನ್ಸಿಲಿನಿಂದ ಕಂಬ ಗೀಚತೊಡಗಿದೆ.
ಮೊಮ್ಮಗನ ಸ್ಕೇಲು ಕೇಳಿ ತಂದಿದ್ದೆ.

ಇನ್ನು ಹೇಳಬೇಕಾದದ್ದು.

ಯುಗಾದಿಯ ಹಿಂದಿನ ವಾರ
ನಮ್ಮ ನಾಲ್ಕುನೂರು ಚೀಲ ಕಡ್ಡಿ ಎದುರಿನ ಅಂಗಡಿಗೆ ಹೋಯಿತು.
ಅಲ್ಲಿಂದ ಅವರ ಅಳಿಯನ ಹೆಸರಿಗೆ.
ಅಲ್ಲಿಂದ ತಿರುಗಿ ನಮಗೇ.
ಹೋಯಿತು ಅಂದೆ; ಚೀಲ ಕದಲಲಿಲ್ಲ.
ಅವುಗಳ ಮೇಲೆ ಬೆಕ್ಕು ಮಲಗಿತ್ತು,
ಮೂರು ವ್ಯಾಪಾರ ಮುಗಿದರೂ ಏಳಲಿಲ್ಲ.
ಸಾಹುಕಾರರು ಹೇಳಿದರು, ನಾನು ಬರೆದೆ:
ಸಾವಿರದ ಇನ್ನೂರು.
ಅಕ್ಷರ ನನ್ನವು, ದುಂಡಗೆ.
ಪೇಟೆಯಲ್ಲಿ ಇನ್ನೆಷ್ಟು ಗುಮಾಸ್ತರು ಹಾಗೆ ಬರೆದರೋ.

ದರದ ಜೊತೆ ಕಂಬವೂ ಬೆಳೆಯಿತು.
ಶಿವಲೀಲಾ ಅಪ್ಪನಿಗೆ ಹೇಳದೆ ಪಾಟಲಿ ಅಡವಿಟ್ಟು
ಇಪ್ಪತ್ತು ಚೀಲ ಕೊಂಡು ಕೋಲ್ಡ್ ಸ್ಟೋರೇಜಿಗೆ ಹಾಕಿದಳು.
ನನಗೆ ಮಾತ್ರ ಹೇಳಿದಳು.
ಬಾಯಿ ತೆರೆದೆ; ಘಾಟು ಹೊಕ್ಕಿತು; ಕೆಮ್ಮಿದೆ.
ಅದನ್ನು ಅವಳು ಹೂಂ ಅಂತ ತಿಳಿದಳು.

ದರ ಮುರಿದ ಮೇಲೆ ಹಮಾಲ ಫಕ್ಕೀರೇಶ
ಬೀಡಿ ಹಚ್ಚುತ್ತ, ಯಾರೂ ಕೇಳದಿದ್ದರೂ ಅಂದ:
"ಅವತ್ತ ನಮ್ಮ ಗ್ಯಾಂಗಿಗೆ ಒಂದ ರೂಪಾಯಿ ಹಮಾಲಿ ಬಂದಿಲ್ಲ.
ಸಾವಿರದ ಇನ್ನೂರ ಚೀಲ ಗಾಳ್ಯಾಗ ಹಾರಿ ಹೋದುವೇನ?
ನನ್ನ ಬೆನ್ನಿಗೆ ಬರದ ಚೀಲ ಚೀಲ ಅಲ್ರಿ."

ಶಿವಲೀಲಾ ಅಲ್ಲೇ ನಿಂತಿದ್ದಳು.
ನನ್ನ ಕಡೆ ನೋಡಿದಳು, ಪಟ್ಟಿಯ ಕಡೆಯಲ್ಲ.

ಈಗಲೂ ಅವಳು ಫೋನು ನೋಡುತ್ತಾಳೆ,
ಕಂಬದ ಮೇಲಿನ ನಂಬಿಕೆ ಪೂರ್ತಿ ಬಿಟ್ಟಿಲ್ಲ.
ಆದರೆ ಸಂಜೆ ಹಮಾಲರ ಕಟ್ಟೆಗೆ ಹೋಗಿ
"ಇವತ್ತ ಎಷ್ಟ ಹೊತ್ತೀರಿ ಅಣ್ಣಾ" ಅಂತ ಕೇಳಿ
ಅಂಗೈಯಲ್ಲಿ ಬರೆದುಕೊಳ್ಳುತ್ತಾಳೆ.
ನನ್ನ ಪಟ್ಟಿಯನ್ನೂ ಒಯ್ಯುತ್ತಾಳೆ,
ಎರಡನ್ನೂ ಪಕ್ಕಪಕ್ಕ ಇಡಲಿಕ್ಕೆ.

ನಿನ್ನೆ ಹೊಸ ಖರೀದಿದಾರನೊಬ್ಬ ಬಾಗಿಲಲ್ಲಿ ನಿಂತು
"ಎಷ್ಟು ಚೀಲ?" ಅಂದ.
ಈ ಸಲ ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು
ಉಸಿರು ಎಳೆದುಕೊಂಡೆ.
ಬಂದದ್ದು ಸೀನು. ಒಂದರ ಹಿಂದೊಂದು ಮೂರು.
"ಭಾಳ ಬಂದಾವ ಅನ್ರಿ ಹಂಗಾರ" ಅಂತ
ಅವನು ನಗುತ್ತ ಒಳಗೆ ಬಂದ.