ಮುಖತ್ಯಾರ

ಮೌನೇಶ, ಇವತ್ತು ಲಿಂಗಸುಗೂರಿನಾಗ
ಹನ್ನೊಂದೂ ಇಪ್ಪತ್ತಕ್ಕ ನಾನು ನೀನಾದೆ.

“ನೀವು ಯಾರು?” ಅಂದ ಗುಮಾಸ್ತ, ತಲೆ ಎತ್ತದೆ.
ಭಾವನಗರದಿಂದ ಬಂದ ಕಾಗದ ಮುಂದಿಟ್ಟೆ.
ನೀಲಿ ಮುದ್ರೆ, ತಲೆಕಟ್ಟಿಲ್ಲದ ಅಕ್ಷರ,
ಮೂಲೆಯಾಗ ನಿನ್ನ ಫೋಟೋ.
ಗಡ್ಡ ಬೆಳ್ಳಗಾಗೈತಿ, ಹೇಳಲೇ ಇಲ್ಲ ನೀ.
“ಖಾಸಿಂಸಾಬ, ದರ್ಜಿ, ಮುದಗಲ್” ಅಂದೆ.
“ಅದಲ್ರೀ. ಇದರಾಗ ಯಾರು?”
“ಇದರಾಗ ಮೌನೇಶ.”

ಎಡಗೈ ಹೆಬ್ಬೆಟ್ಟು ಗಾಜಿನ ಮ್ಯಾಲೆ ಇಟ್ಟರ
ಯಂತ್ರ ಒಲ್ಲೆ ಅಂತು.
ಮೂವತ್ತು ವರ್ಷ ಸೂಜಿ ತಿಂದ ಬೆರಳು, ಗೆರಿ ಎಲ್ಲಿ ಉಳಿದಾವು?
ತಲಿಗೂದಲಿಗೆ ತಿಕ್ಕಿ ತಿಕ್ಕಿ ನಾಲ್ಕನೇ ಸಲಕ್ಕ ಹಸಿರು ದೀಪ.
ಮಾರಿದಾಕಿ ನೀಲಗಂಗವ್ವ ನನ್ನ ಮಾರಿನೇ ನೋಡತಿದ್ದಳು.
“ಕೊಂಡವರ ಕಣ್ಣಾಗ ನೆಲ ಕಾಣಬೇಕಪಾ,
ನಿನ್ನ ಕಣ್ಣಾಗ ಕಾಗದ ಐತಿ.”

ನಿನ್ನೆ ಹೊಲಕ್ಕ ಹೋಗಿದ್ದೆ, ಕೆರ ಕೈಯಾಗ ಹಿಡದು.
ಮೂಡಲಕ್ಕ ಹಳ್ಳ, ಪಡುವಲಕ್ಕ ಬಂಡಿದಾರಿ,
ತೆಂಕಲಕ್ಕ ಹುಸೇನಪ್ಪನ ತೊಗರಿ, ಒಂದು ಸಾಲು ಈಚೆ ಬಂದೈತಿ,
ಬಡಗಲಕ್ಕ ಪತ್ರದಾಗ ಬರೀದ ಒಂದು ಹುತ್ತ.
ಎರಿ ಅಂದಿದ್ದರು. ಎರಿ ಅಲ್ಲ, ಮಸಾರಿ.
ಫೋನಿನಾಗ ಹೇಳಿದೆ. ನೀ ಸುಮ್ಮನಾದಿ.
ಹಿಂದ ಯಾವುದೋ ಹಡಗು ಒಡೆಯೋ ಸಪ್ಪಳ.
ಆಮ್ಯಾಲೆ ಕೇಳಿದಿ, “ತೋಯಿಸಿ ಮೂಸಿ ನೋಡಿದ್ಯಾ?”

ಬಾಟಲಿ ನೀರು ಸುರುವಿ ಮಣ್ಣು ಮೂಗಿಗೆ ಹಿಡಿದೆ.
“ಚಲೋ ಐತಿ” ಅಂದೆ. ಮತ್ತೇನು ಅನ್ನಲಿ?
ಮುಖತ್ಯಾರ ಪತ್ರದಾಗ ಹದಿನಾಲ್ಕು ಕಲಮು ಅದಾವ:
ನನ್ನ ಪರವಾಗಿ ಸಹಿ ಹಾಕಲು, ಹಣ ಸಲ್ಲಿಸಲು,
ಕಬಜಾ ಪಡೆಯಲು, ಕೋರ್ಟಿಗೆ ಹಾಜರಾಗಲು.
ನನ್ನ ಪರವಾಗಿ ಮೂಸಲು ಅಂತ
ಎಲ್ಲೂ ಇಲ್ಲ.

ಸುಳ್ಳು ಹೇಳಿಲ್ಲ ನಿನಗ. ಒಂದು ಮಾತು ಮುಚ್ಚಿಟ್ಟೀನಿ.
ಬದುವಿನ ಮ್ಯಾಲೆ ನಿಂತಾಗ, ಅರ್ಧ ಬೀಡಿ ಹೊತ್ತು,
ಹೊಲ ನನ್ನದಿತ್ತು.
ನಮ್ಮಪ್ಪಗ ಇರಲಿಲ್ಲ, ಅವರಪ್ಪಗೂ ಇರಲಿಲ್ಲ,
ನಮ್ಮ ಪಾಲಿಗೆ ನೆಲ ಅಂದರ ಕಬರಸ್ತಾನದ ನಾಲ್ಕು ಮೊಳ.
ಗಾಳಿ ಬಂತು. ಬೀಡಿ ಆರಿತು.
ಕೆರ ಮೆಟ್ಟಿ ಬಸ್ಸಿಗೆ ಬಂದೆ.

ಪತ್ರ ಆತು. ಮೂಲ ಪ್ರತಿ ಟಪಾಲಿಗೆ ಹಾಕೀನಿ.
ಅಂಗಡಿ ತೆಗೆದು ಹಳೆ ಅಳತೆ ವಹಿ ಹುಡುಕಿದೆ.
ನಿನ್ನ ಪುಟ ಇನ್ನೂ ಐತಿ: ಎದಿ ಮೂವತ್ತಾರು, ಭುಜ ಹದಿನೇಳು,
ನಿನ್ನ ಮದುವಿ ಅಂಗಿದು.
ಅದರ ಕೆಳಗ ಸುಣ್ಣದ ಕೈಲೇ ಬರದೆ:
ಎರಡು ಎಕರೆ ಹನ್ನೆರಡು ಗುಂಟೆ.
ಹುಸೇನಪ್ಪನ ಕಡೆ ಸ್ವಲ್ಪ ಬಿಗಿ.
ಬಂದಾಗ ಬಿಚ್ಚಿ ಹೊಲಿಯೋಣ.