ಫೇಡರಿನ ಪಕ್ಕದ ಗೆರೆಗಳು

ಯುವವಾಣಿಗೆ ಮೂವತ್ತು ದಾಟಿದವರು ಬೇಡ.
ಹುಟ್ಟಿದ ತಾರೀಖಿನ ಜೆರಾಕ್ಸ್ ಹಿಡಿದು ಬರುತ್ತಿದ್ದರು,
ಮೂವತ್ತಾದ ತಿಂಗಳು ಹೋಗುತ್ತಿದ್ದರು.
ಗಾಜಿನಾಚೆ ಸದಾ ಇಪ್ಪತ್ತಮೂರು, ಇಪ್ಪತ್ತೈದು;
ಈಚೆ, ಕತ್ತಲಲ್ಲಿ, ನನಗೊಬ್ಬನಿಗೇ
ವರ್ಷಕ್ಕೊಂದು ವರ್ಷ ಸರಿಯಾಗಿ ಆಗುತ್ತಿತ್ತು.

ಭದ್ರಾವತಿಯ ಸ್ಟುಡಿಯೋ. ಬಾಗಿಲು ಎಷ್ಟು ದಪ್ಪವಿದ್ದರೂ
ಕಾರ್ಖಾನೆಯ ಸೈರನ್ ಹೇಗೋ ನುಸುಳುತ್ತಿತ್ತು;
ಗಾಳಿ ತಿರುಗಿದ ದಿನ ಎ.ಸಿ.ಯೊಳಗಿಂದಲೇ
ಕಾಗದದ ಗಿರಣಿಯ ಕೊಳೆತ ಕೋಸಿನ ವಾಸನೆ.
ಅದನ್ನೇ ಉಸಿರಾಡುತ್ತ ಅವರು ನಗಬೇಕು.
ನಗು ಕೇಳಿಸುತ್ತದೆ, ಗೊತ್ತಲ್ಲ,
ತುಟಿ ಕಾಣದಿದ್ದರೂ.

ನನ್ನದು ಹೆಬ್ಬೆರಳಿನ ಕೆಲಸ.
ಫೇಡರ್ ಎಂಬ ಕರಿಗುಂಡಿಯನ್ನು ಮೇಲೆ ಕೆಳಗೆ ಸರಿಸುವುದು,
ಮುಳ್ಳು ಕೆಂಪಿಗೆ ಹಾರದಂತೆ, ನಿದ್ದೆಗೂ ಜಾರದಂತೆ.
ಒಬ್ಬೊಬ್ಬರ ದನಿಗೆ ಒಂದೊಂದು ಎತ್ತರ.
ಮೇಣದ ಪೆನ್ಸಿಲಿನಲ್ಲಿ ಪಕ್ಕಕ್ಕೊಂದು ಗೆರೆ ಎಳೆದು
ಮೊದಲಕ್ಷರ ಬರೆದಿಡುತ್ತಿದ್ದೆ,
ಬಾಗಿಲ ಚೌಕಟ್ಟಿಗೆ ಮಕ್ಕಳ ಎತ್ತರ ಗುರುತು ಹಾಕಿದ ಹಾಗೆ.
ಇವರು ಮಾತ್ರ ಬೆಳೆಯುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಳಗೆ, ಮೂರರ ಹತ್ತಿರ, 'ಹಾ':
ಹೊಳೆಹೊನ್ನೂರಿನ ಹಾಲಸ್ವಾಮಿ.
ಮೈಕು ನಾಲ್ಕು ಬೆರಳ ದೂರದಲ್ಲಿದ್ದರೂ
ಹೊಳೆಯಾಚೆ ಎಮ್ಮೆ ಕಾಯುವವನನ್ನು ಕೂಗಿದಂತೆ ಕೂಗುತ್ತಿದ್ದ.
ಅದರ ಮೇಲೆ ಅಮುದಾ. ಅಪ್ಪ ಕುಲುಮೆಯಲ್ಲಿ ಫೋರ್ಮನ್.
ಅವರ ಜತೆ ಫೋನಿನಲ್ಲಿ ತಮಿಳು; ಕೆಂಪು ದೀಪ ಹತ್ತಿತೋ,
ಮಹಾಪ್ರಾಣ ಒಂದೂ ಉಸಿರು ತಪ್ಪುತ್ತಿರಲಿಲ್ಲ.
ಹುಟ್ಟಾ ಕನ್ನಡದ ನಾವು 'ಬಾಷೆ' ಎನ್ನುವಾಗ
ಅವಳ 'ಭ'ಗೆ ಮುಳ್ಳು ಎದ್ದು ನಿಲ್ಲುತ್ತಿತ್ತು.

ಶಮೀಮ್ ಕಾಗದ ಓದುವವಳು.
ತ್ಯಾಗರ್ತಿ, ಕೋಣಂದೂರು, ನಿಟ್ಟೂರು, ಬಟ್ಟೆಮಲ್ಲಪ್ಪ,
ಹದಿನೈದು ಪೈಸೆಯ ಕಾರ್ಡುಗಳು.
ಒಮ್ಮೆ ಆನವಟ್ಟಿಯ ಹುಡುಗನೊಬ್ಬ:
"ಎರಡನೇ ಸಲವೂ ಎಸ್ಸೆಸ್ಸೆಲ್ಸಿ ಫೇಲು.
ನೀವಿದನ್ನು ಓದುವ ಹೊತ್ತಿಗೆ..."
ಅಲ್ಲಿಗೆ ನಿಲ್ಲಿಸಿದಳು.
ಗಾಳಿಯಲ್ಲಿ ನಾಲ್ಕು ಸೆಕೆಂಡು ಏನೂ ಇಲ್ಲ.
ನಿಯಮದಂತೆ ನಾನು ಹಾಡು ಬಿಡಬೇಕಿತ್ತು. ಬಿಡಲಿಲ್ಲ.
"ತಮ್ಮಾ, ನಾನೂ ಎರಡು ಸಲ. ಗಣಿತ.
ಮುಂದಿನ ವಾರ ಮತ್ತೆ ಬರಿ, ಕಾಯ್ತೀನಿ."
ಅವಳು ರ‍್ಯಾಂಕು ಬಂದ ಹುಡುಗಿ; ಅರ್ಜಿಯಲ್ಲಿ ನೋಡಿದ್ದೆ.

ಮುಂದಿನ ವಾರ ಕಾರ್ಡು ಬಂತು. ಬರೀ ವಿಳಾಸ.
ಬೆನ್ನಿಗೆ ಏನೂ ಬರೆದಿರಲಿಲ್ಲ.
ಆ ಖಾಲಿಯನ್ನೇ ಗಾಜಿಗೆ ಒತ್ತಿ ನನಗೆ ತೋರಿಸಿದಳು.

ಫಿಲೋಮಿನಾಳ ದನಿ ಎಷ್ಟು ಮೆಲ್ಲಗೆಂದರೆ
ಆಡಿಷನ್ನಿನಲ್ಲಿ ಸಾಹೇಬರು ತಲೆಯಾಡಿಸಿಬಿಟ್ಟರು.
ಗುಂಡಿಯನ್ನು ಏಳೂವರೆಗೆ ತಳ್ಳಿ
"ಈಗ ಕೇಳಿ ಸರ್" ಎಂದೆ.
ಏಳೂವರೆಯಲ್ಲಿ ಅವಳ ಜತೆ ಕೋಣೆಯೂ ಕೇಳಿಸುತ್ತಿತ್ತು:
ಬಳೆ, ಹಾಳೆ, ಗಂಟಲಿಗಿಳಿದ ನೀರು.
ಐದು ವರ್ಷ. ನನ್ನ ಮುಖ ಒಮ್ಮೆಯೂ ಕಂಡಿರಲಾರಳು;
ಬೆಳಕಿದ್ದ ಕಡೆಗೆ ಆ ಗಾಜು ಕನ್ನಡಿ.

ಆಮೇಲೆ ಕಂಪ್ಯೂಟರ್ ಬಂತು.
ಕೂಗುವವರನ್ನೂ ಪಿಸುಗುಡುವವರನ್ನೂ
ತಾನೇ ಒಂದು ಮಟ್ಟಕ್ಕೆ ತರುತ್ತದೆ,
ಸೇರಿನ ಮೇಲಿನ ಅಕ್ಕಿಯನ್ನು ಅಂಗಡಿಯವನು ಸವರಿದ ಹಾಗೆ.
ಹಳೆಯ ಕನ್ಸೋಲು ಸ್ಟೋರಿಗೆ ಹೋಗುವ ಮುನ್ನ
ಹೊಸ ಹುಡುಗ ಸ್ಪಿರಿಟ್ ಹಚ್ಚಿ ಚೆನ್ನಾಗಿ ಒರೆಸಿದ.
ಒಳ್ಳೆಯವನು. ಕೊಳೆ ಎಂದುಕೊಂಡ.

ಮೊನ್ನೆ ಮೀನು ಮಾರ್ಕೆಟ್ಟಿನಲ್ಲಿ
ಐಸು ಒಡೆಯುವ ಸದ್ದಿನ ನಡುವೆ
ನನ್ನ ಮುಂದಿದ್ದ ನರೆತಲೆಯ ಹೆಂಗಸು
ಭೂತಾಯಿ ಎಷ್ಟೆಂದು ಕೇಳಿದಳು.
"ಏನಮ್ಮಾ? ಜೋರಾಗಿ ಹೇಳಿ."
ಮತ್ತೆ ಕೇಳಿದಳು, ಅಷ್ಟೇ ಮೆಲ್ಲಗೆ.

ಜೇಬಿನೊಳಗೆ, ಬಸ್ ಟಿಕೇಟು ಚಿಲ್ಲರೆಗಳ ನಡುವೆ,
ನನ್ನ ಹೆಬ್ಬೆರಳು ನನ್ನನ್ನು ಕೇಳದೆ
ಏಳೂವರೆಗೆ ಸರಿಯಿತು.